ಕಡಲ ಕಡೆಯ ಗೋಡೆ

ಕುಮಟೆಯ ದಂಡೆ
ತಾ. ೧೧-೧-೧೯೩೮

ತೀರ್ಥರೂಪ ಅಪ್ಪನ ಪಾದಗಳಿಗೆ ರಾಯಪ್ಪನ ನಮಸ್ಕಾರ. ಚಿಗವ್ವನಿಗೂ ನಮಸ್ಕಾರ. ಈ ಪತ್ರವನ್ನು ಪಡಸಾಲೆಯಲ್ಲಿ ಕುಳಿತು ಇಬ್ಬರಿಗೂ ಓದಿ ಹೇಳುವ ಶಿವವ್ವನಿಗೆ ಒಂದೇ ಮಾತು: ನಿನ್ನ ಸ್ವಂತದ್ದು ಸೇರಿಸಬೇಡ, ಬರೆದಷ್ಟೇ ಓದು. ಮೂಡಲಗಿಯ ಸಾಲೆಯಲ್ಲಿ ನಾಲ್ಕು ಇಯತ್ತೆ ಕಲಿತವಳು ಎಂದು ಕಾಗದ ಕೈಗೆ ಬಂದರೆ ಸಾಕು, ಪುರಾಣ ಹೇಳುತ್ತೀ. ಗಂಡನ ಹೆಸರು ಬಂದಲ್ಲಿ ನುಂಗಿ ಮುಂದೆ ಹೋಗುವುದು ಗೊತ್ತಿದೆ, ಅದೊಂದಕ್ಕೆ ಮಾಫಿ.

ಘಟ್ಟ ಇಳಿದು ಬಂದು ನಾಲ್ಕು ದಿನವಾಯಿತು. ಗೋಕಾಕದ ಗುರುಲಿಂಗಪ್ಪ ಸಾವಕಾರರ ಈ ಮನೆ ನೋಡಿ ಮೊದಲು ನನಗೆ ನಗು ಬಂತು. ಸಮುದ್ರದಿಂದ ನೂರು ಹೆಜ್ಜೆಗೆ, ತೆಂಗಿನ ಮರಗಳ ನಡುವೆ, ನಮ್ಮ ಕಡೆಯ ಮನೆಯೇ ಎದ್ದು ಬಂದು ಕುಳಿತಿದೆ. ಅದೇ ದಪ್ಪ ಕಲ್ಲುಗೋಡೆ, ಅದೇ ಕಂಬ, ಬಾಗಿಲು ದಾಟಿದ ಕೂಡಲೇ ಅದೇ ದನ ಕಟ್ಟುವ ಜಾಗ. ಅವರ ಮುತ್ತ್ಯಾ ಅರಳೆಯ ಚಕ್ಕಡಿಗಳನ್ನು ಈ ಬಂದರಕ್ಕೆ ಹೊಡೆಸುತ್ತಿದ್ದ ಕಾಲದಲ್ಲಿ, ಇಲ್ಲಿನ ಮನೆಗಳು ತನ್ನ ಮನಸ್ಸಿಗೆ ಬರದೆ ಊರಿನ ಕೆಲಸಗಾರರನ್ನೇ ಕರೆಸಿ ಕಟ್ಟಿಸಿದನಂತೆ. ರೈಲು ಬಂದ ಮೇಲೆ ಅರಳೆ ಈ ದಾರಿ ಬಿಟ್ಟಿತು, ಮನೆ ಪಾಳು ಬಿತ್ತು. ಈಗ ಸಾವಕಾರರ ಮಗನಿಗೆ ಎದೆಯ ಬೇನೆ. ಸಮುದ್ರದ ಗಾಳಿ ಬೇಕೆಂದು ಡಾಕ್ಟರರು ಹೇಳಿದ್ದಾರೆ. ಮಳೆ ಹಿಡಿಯುವುದರೊಳಗೆ ಮನೆ ವಾಸಕ್ಕೆ ಬರಬೇಕು.

ಮಾಡು, ಬಾಗಿಲು, ನೆಲ ಎಲ್ಲ ಸುಲಭದ ಕೆಲಸ. ಕಷ್ಟವಿರುವುದು ಕಡಲ ಕಡೆಯ ಗೋಡೆಯದು. ನಟ್ಟನಡುವೆ ಹೊಟ್ಟೆ ಬಿಟ್ಟಿದೆ. ಬುಡದಲ್ಲಿ ಆರು ಮೊಳದಷ್ಟು ಜಾಗದಲ್ಲಿ ಕಲ್ಲೂ ಬೇರೆ, ಸುಣ್ಣವೂ ಬೇರೆ. ಅವಸರದಲ್ಲಿ ಯಾರೋ ಕೈಗೆ ಸಿಕ್ಕಿದ್ದನ್ನು ತುಂಬಿ ಮುಚ್ಚಿದ ಹಾಗಿದೆ. ನೀನೂ ಭೀಮರಾಯ ಕಾಕಾನೂ ೧೯೦೯ರಲ್ಲಿ ಇದೇ ಮನೆಯ ರಿಪೇರಿಗೆ ಬಂದವರು. ಆಗಲೇ ಅದು ಹಾಗಿತ್ತೇ? ಒಂದು ಮಾತು ಬರೆಸು. ನಿನ್ನ ಕಣ್ಣಿಗೆ ಪೊರೆ ಬರದಿದ್ದರೆ ನಿನ್ನನ್ನೇ ಕರೆಸುತ್ತಿದ್ದೆ ಎಂದರು ಸಾವಕಾರರು. ಕಣ್ಣಿದ್ದಾಗಲೂ ನೀನು ಈ ಕಡೆ ಬರುತ್ತಿರಲಿಲ್ಲ ಎಂಬುದು ನನಗೆ ಗೊತ್ತು.

ಚಿಗವ್ವಾ, ಬಂದ ದಿನವೇ ನೀರಿಗಿಳಿದು ನಿನ್ನ ಗಂಡನಿಗೆಂದು ನೀನು ಕಟ್ಟಿಕೊಟ್ಟ ರೊಟ್ಟಿಯನ್ನು ಕಾಕಾನ ಹೆಸರಿನಲ್ಲಿ ಬಿಟ್ಟೆ. ಈ ಸಮುದ್ರ ಅವನನ್ನು ಒಯ್ದು ಇಪ್ಪತ್ತೊಂಬತ್ತು ವರ್ಷವಾಯಿತು. ನೋಡಿದರೆ ಹಾಗೆ ಅನಿಸುವುದಿಲ್ಲ. ಮೊಣಕಾಲು ಮಟ್ಟದ ನೀರಿನಲ್ಲಿ ಹೆಂಗಸರು ಸಿಂಪಿಯ ಚಿಪ್ಪು ಆರಿಸುತ್ತಿದ್ದರು.

ಇಂತಿ ನಿನ್ನ ಮಗ,
ರಾಯಪ್ಪ


ಘೋಡಗೇರಿ
ತಾ. ೨೩-೧-೧೯೩೮

ಕುಮಟೆಗೆ ಹೋದವರಿಗೆ ಮಾವ ಹೇಳಿ ಬರೆಸಿದ್ದು.

ಪತ್ರ ಮುಟ್ಟಿತು. ಎಲ್ಲರೂ ಕ್ಷೇಮ. ಕಡಲ ಕಡೆಯ ಗೋಡೆಗೆ ಕೈ ಹಚ್ಚಬೇಡ. ಹೊಟ್ಟೆ ಬಿಟ್ಟ ಗೋಡೆ ನೂರು ವರ್ಷ ನಿಂತದ್ದು ನಾನು ಕಂಡಿದ್ದೇನೆ. ಮೇಲೆ ಗಾರೆ ಹೊಡೆದು ಸುಣ್ಣ ಬಳಿ, ಬುಡ ಕೆದಕಬೇಡ. ಸಾವಕಾರರು ಕೇಳಿದರೆ ಬೀರಸಿದ್ದಪ್ಪ ಹೇಳಿದ್ದಾನೆ ಅನ್ನು. ಉಳಿದದ್ದು ಮುಗಿಸಿ ಬೇಗ ಊರಿಗೆ ಬಾ. ಇಂತಿ ಬೀರಸಿದ್ದಪ್ಪ.

ಇಲ್ಲಿಂದ ಮುಂದೆ ನನ್ನದು. ಪುರಾಣ ಎಂದೇ ತಿಳಿದು ಓದಿರಿ. ನಿಮಗೆ ಪತ್ರ ಬರೆಸಲು ಕುಳಿತರೆ ಮಾವ ಎಮ್ಮೆ ಈದದ್ದರಿಂದ ಹಿಡಿದು ಆಚೆ ಓಣಿಯ ಜಗಳದವರೆಗೆ ಹೇಳುವವರು. ಈ ಸಲ ಇಷ್ಟೇ ಹೇಳಿದರು. ಚಿಗವ್ವ ಪಕ್ಕದಲ್ಲೇ ಬೇಳೆ ಆರಿಸುತ್ತಿದ್ದರು. "ಆ ಗೋಡಿಗೆ ಏನಾಗೇತ್ರಿ ಬಾವ?" ಎಂದು ಕೇಳಿದರು. ಮಾವ ಕೇಳಿಸದವರ ಹಾಗೆ ಕೋಲು ಹುಡುಕಿ ಎದ್ದು ಹೋದರು. ಅವರಿಗೆ ಹೋಗಿರುವುದು ಕಣ್ಣು, ಕಿವಿಯಲ್ಲ.

ನೀವು ರೊಟ್ಟಿ ಬಿಟ್ಟ ಸುದ್ದಿ ಓದಿದಾಗ ಚಿಗವ್ವ ಬಹಳ ಹೊತ್ತು ಮಾತಾಡಿದರು. ಕಾಕಾ ಹೊರಡುವ ಹಿಂದಿನ ದಿನ ಅವರ ಸೊಂಟದ ಬೆಳ್ಳಿಯ ಉಡದಾರದ ಕೊಂಡಿ ಕಿತ್ತಿತ್ತಂತೆ. ಅಕ್ಕಸಾಲಿಗ ಹುಕ್ಕೇರಿಗೆ ಹೋಗಿದ್ದ. ಇವರೇ ತಾಮ್ರದ ತಂತಿ ಮೂರು ಸುತ್ತು ಸುತ್ತಿ ಕಟ್ಟಿ ಕಳಿಸಿದರಂತೆ. ಮನುಷ್ಯ ಸಿಗಲಿಲ್ಲ, ಉಡದಾರವಾದರೂ ದಂಡೆಗೆ ಬರಬಾರದಿತ್ತೇ ಎಂದರು. ಆಮೇಲೆ ಕೈಯ ಹಸಿರು ಬಳೆ ಮುಟ್ಟಿಕೊಂಡು, "ಕಣ್ಣಿಲೆ ಕಾಣೂತನಕ ನಾ ಮುತ್ತೈದಿನ" ಎಂದು ಎದ್ದರು. ಈ ಯುಗಾದಿಗೂ ಹೊಸ ಬಳೆ ಇಡಿಸಿಕೊಳ್ಳುವವರೇ.

ನಿಮ್ಮವಳು


ಕುಮಟೆಯ ದಂಡೆ
ತಾ. ೬-೨-೧೯೩೮

ಅಪ್ಪನಿಗೆ ರಾಯಪ್ಪನ ನಮಸ್ಕಾರ.

ನಿನ್ನ ಮಾತು ಉಳಿಸಿಕೊಳ್ಳಲು ಆಗುವ ಹಾಗಿಲ್ಲ. ಮೊನ್ನೆ ಸಾವಕಾರರೇ ಮೋಟಾರು ಮಾಡಿಕೊಂಡು ಬಂದಿದ್ದರು. ಮಗನ ಮಂಚಕ್ಕೆ ನೇರ ಗಾಳಿ ಬರಲು ಆ ಗೋಡೆಯಲ್ಲೇ ಎರಡು ದೊಡ್ಡ ಕಿಟಕಿ ಬೇಕಂತೆ. ಕೊಳೆತ ಬುಡದ ಮೇಲೆ ಕಿಟಕಿ ಒಡೆದರೆ ಗೋಡೆ ಮಂಚದ ಮೇಲೇ ಕೂರುತ್ತದೆ. ಬೀರಸಿದ್ದಪ್ಪ ಬೇಡ ಅಂದಿದ್ದಾನೆ ಎಂದು ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ಈ ಮನ್ಯಾಗ ನಿಮ್ಮಪ್ಪ ಕಟ್ಟಿದ್ದು ಅದೊಂದ ಬುಡ. ಅದೊಂದ ಯಾಕ ಕೆಟ್ಟೈತಿ?" ಎಂದರು. ನೀನು ಕಟ್ಟಿದ್ದೆಂಬುದನ್ನು ನನಗೆ ನೀನೇ ಹೇಳಬಹುದಿತ್ತು. ಘೋಡಗೇರಿಯಿಂದ ದಡ್ಡಿಯವರೆಗೆ ನಿನ್ನ ಕೈಯ ಗೋಡೆಗಳನ್ನು ಕಣ್ಣು ಮುಚ್ಚಿ ಗುರುತಿಸುತ್ತೇನೆ, ಇದನ್ನು ಗುರುತಿಸಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಬುಡ ತೆಗೆಯುತ್ತೇನೆ. ನೀನು ಕಲಿಸಿದ ಹಾಗೆಯೇ, ಆರು ಮೊಳವನ್ನೂ ಒಂದೇ ಏಟಿಗೆ ಅಗೆದು, ಅದೇ ದಿನ ಹೊಸ ಕಲ್ಲು ಕೂರಿಸುವುದು. ಗೋಡೆ ಬೀಳದಂತೆ ಆನಿಕೆಯ ಕಟ್ಟಿಗೆ ಕೊಟ್ಟುಕೊಂಡು ಅಗೆಯುವವನು ಗೌಂಡಿಯಲ್ಲ, ಅಂಜುಬುರುಕ ಎಂದು ಕರಣಿಯ ಹಿಡಿಯಿಂದ ತಲೆಗೆ ಕುಕ್ಕಿ ಕಲಿಸಿದವನು ನೀನು. ನಮ್ಮ ಗರಸು ನೆಲದಲ್ಲಿ ಕಡಿದ ಮಣ್ಣು ಕಡಿದ ಹಾಗೆ ನಿಲ್ಲುತ್ತದೆ. ಇಲ್ಲಿ ಮೇಲೆ ಉಸುಕು, ಕೆಳಗೆ ಗಟ್ಟಿ ಇರಬೇಕು.

ಒಂದು ವಿಚಿತ್ರ. ಪಕ್ಕದ ಕೇರಿಯ ಬುದವಂತಿ ಎಂಬ ಮುದುಕಿ ದಿನಾ ಬೆಳಿಗ್ಗೆ ತೆಂಗಿನ ಕರಟದಲ್ಲಿ ನೀರು ತಂದು ಆ ಗೋಡೆಯ ಬುಡಕ್ಕೆ ಹೊಯ್ದು ಹೋಗುತ್ತಾಳೆ. ಗಿಡವಿಲ್ಲ, ಕಲ್ಲಿಲ್ಲ, ದೇವರಿಲ್ಲ. ಯಾಕೆಂದು ಕೇಳಿದೆ. "ಅಲ್ಲೊಬ್ಬಂಗೆ ಆಸ್ರಾಗಿತ್ತು" ಎಂದಳು. ಆಸ್ರು ಎಂದರೆ ಬಾಯಾರಿಕೆಯಂತೆ. ಯಾರಿಗೆ, ಯಾವಾಗ ಎಂದರೆ ಹೇಳದೆ ಹೋದಳು. ಇಲ್ಲಿನ ಆಳುಗಳು ಆ ಮೂಲೆಯಲ್ಲಿ ಬುತ್ತಿ ಬಿಚ್ಚುವುದಿಲ್ಲ.

ಇಂತಿ,
ರಾಯಪ್ಪ


ಘೋಡಗೇರಿ
ತಾ. ೧೭-೨-೧೯೩೮

ಮಾವ ಹೇಳಿ ಬರೆಸಿದ್ದು.

ಮಾಡಲೇಬೇಕೆಂದಿದ್ದರೆ ಹೀಗೆ ಮಾಡು. ಅಗೆಯುವ ಮೊದಲು ದಪ್ಪ ಕಟ್ಟಿಗೆಯ ಆರು ಆನಿಕೆ ಕೊಡು. ಒಂದು ಸಲಕ್ಕೆ ಒಂದೇ ಮೊಳ ತೆಗೆ, ಅದನ್ನು ತುಂಬಿದ ಮೇಲೆ ಇನ್ನೊಂದು ಮೊಳ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿ, ಹಗ್ಗದ ತುದಿಯನ್ನು ಹೊರಗೆ ಇಬ್ಬರು ಹಿಡಿಯಲಿ. ನಾನು ಕಲಿಸಿದ್ದನ್ನು ಮರೆತುಬಿಡು. ಇಂತಿ ಬೀರಸಿದ್ದಪ್ಪ.

ಇದು ನನ್ನದು. ನಾನು ಈ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ತಾನು ಕಲಿಸಿದ್ದನ್ನು ಮರೆ ಎಂದು ಮಾವ ಯಾರಿಗೂ ಹೇಳಿದ್ದು ಕೇಳಿಲ್ಲ. ಮುದುಕಿ ನೀರು ಹೊಯ್ಯುವ ಮಾತು ಓದುವಾಗ ಅವರ ಕೈಯಲ್ಲಿ ನೀರಿನ ತಂಬಿಗೆ ಇತ್ತು. ಕುಡಿಯದೆ ಕೆಳಗಿಟ್ಟರು. ಅವತ್ತಿನಿಂದ ಊಟವೂ ಅರ್ಧಕ್ಕೆ ಬಂದಿದೆ.

ಮರುದಿನ ನಾನೊಬ್ಬಳೇ ಹಿತ್ತಲಲ್ಲಿದ್ದಾಗ ಗೋಡೆ ಹಿಡಿದುಕೊಂಡು ಬಂದರು. "ಅಲ್ಲಿ ಉಸುಕು ಹರಿತೈತಿ, ಕೆಳಗ ಗಟ್ಟಿ ಇಲ್ಲ. ನೀರ ಹರಿದಂಗ ಹರಿತೈತಿ. ಇದನ್ನ ಬರಿ" ಎಂದರು. ಅಷ್ಟರಲ್ಲಿ ಚಿಗವ್ವ ಕೊಡ ಇಳಿಸಲು ಬಂದರು. ಕೊಡದ ಸಪ್ಪಳ ಕೇಳಿದ್ದೇ ತಡ, "ಬ್ಯಾಡ ಬಿಡು, ಬರೀಬ್ಯಾಡ" ಎಂದು ತಿರುಗಿದರು. ಬರೆಯಬೇಡ ಎಂದದ್ದನ್ನು ಬರೆದಿದ್ದೇನೆ. ಮಾವನಿಗೆ ಹೇಳುವುದೇನೋ ಇದೆ, ಚಿಗವ್ವನ ಎದುರು ಹೇಳಲಾಗುವುದಿಲ್ಲ. ಈ ಮನೆಯಲ್ಲಿ ಪತ್ರ ಬರೆಸುವುದೂ ಓದಿಸುವುದೂ ಚಿಗವ್ವನ ಎದುರೇ.

ನನಗೆ ಹೆದರಿಕೆಯಾಗಿದೆ. ಗೋಡೆ ಯಾರದಾದರೂ ಇರಲಿ, ನೀವು ಆನಿಕೆ ಕೊಡದೆ ಇಳಿಯಬೇಡಿರಿ. ಅಂಜುಬುರುಕನ ಹೆಂಡತಿ ಎನಿಸಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ.

ನಿಮ್ಮವಳು


ಕುಮಟೆಯ ದಂಡೆ
ತಾ. ೮-೩-೧೯೩೮

ಶಿವವ್ವಾ, ಇದನ್ನು ಗಟ್ಟಿಯಾಗಿ ಓದಬೇಡ. ಮೊದಲು ಮನಸ್ಸಿನಲ್ಲಿ ಓದಿಕೋ.

ಮೊದಲನೆಯ ಮಾತು, ನಾನು ಜೀವದಿಂದ ಇದ್ದೇನೆ. ಆರು ಆನಿಕೆ ಕೊಟ್ಟಿದ್ದೆ, ಸೊಂಟಕ್ಕೆ ಹಗ್ಗ ಕಟ್ಟಿದ್ದೆ. ಎರಡು ಮೊಳ ಸುಸೂತ್ರ ಆಯಿತು. ಮೂರನೆಯದಕ್ಕೆ ಕಲ್ಲು ಕಿತ್ತ ಕೂಡಲೇ ಕಾಲ ಕೆಳಗಿನ ಉಸುಕು ಹೊರಟಿತು. ಶಬ್ದವೇ ಇಲ್ಲ. ಮೇಲೆ ಕಟ್ಟಿಗೆಗಳು ಕಿರುಗುಟ್ಟಿದವು, ಗೋಡೆ ಒಂದು ಗೇಣು ನನ್ನ ಕಡೆ ಬಂತು, ಅಲ್ಲೇ ನಿಂತಿತು. ಆಳುಗಳು ಹಗ್ಗ ಜಗ್ಗಿ ನನ್ನನ್ನು ಹೊರಗೆಳೆದರು. ಆನಿಕೆ ಇಲ್ಲದಿದ್ದರೆ ಈ ಪತ್ರವನ್ನು ಬೇರೆ ಯಾರೋ ಬರೆಯುತ್ತಿದ್ದರು.

ಉಸುಕು ಸರಿದ ಜಾಗದಲ್ಲಿ ಎಲುಬು ಕಂಡವು. ಕಾಲು ಮಡಚಿ, ಮುಖ ಹೊರಗಿನ ಕಡೆ ಮಾಡಿ ಕುಳಿತ ಮನುಷ್ಯ. ಒಂದು ಕೈ ಮೇಲಕ್ಕೆ ಚಾಚಿತ್ತು. ಸೊಂಟದ ಹತ್ತಿರ ಕಪ್ಪಾದ ಬೆಳ್ಳಿಯ ಉಡದಾರ. ಕೊಂಡಿಯ ಹತ್ತಿರ ತಂತಿ ಸುತ್ತಿದೆ, ಹಸಿರು ಬಂದಿದೆ. ಎಣಿಸಿದೆ, ಮೂರು ಸುತ್ತು.

ಬುದವಂತಿ ನೋಡಲು ಬಂದಳು. ಈಗ ಹೇಳಿದಳು. ಆಗ ಅವಳು ಹರೆಯದವಳು, ಆಚೆಯ ತೋಟದಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಗೋಡೆಯ ಬುಡ ಕುಸಿಯಿತಂತೆ. ಒಳಗೆ ಸಿಕ್ಕಿದವನ ಮೇಲೆ ಕಲ್ಲುಗಳು ಅಡ್ಡಡ್ಡ ನಿಂತಿದ್ದವು, ಅವನು ಸತ್ತಿರಲಿಲ್ಲ. ನೀರು ಕೇಳಿದನಂತೆ. ಇವಳು ಕರಟದಲ್ಲಿ ನೀರು ತಂದಳು, ಗೋಡೆ ಬೀಳುತ್ತದೆಂದು ಜನ ಅವಳನ್ನು ಹತ್ತಿರ ಬಿಡಲಿಲ್ಲ. ಅವನು ಆಮೇಲೆ "ಅಣ್ಣಾ, ಅಣ್ಣಾ" ಎಂದು ಕರೆದನಂತೆ. ಬಿಸಿಲು ಇಳಿಯುವವರೆಗೂ ಕರೆದನಂತೆ. ಅಣ್ಣ ಎನ್ನುವವನು ತೆಂಗಿನ ಮರದ ಹತ್ತಿರ ನಿಂತಿದ್ದ ಎಂದಳು.

ಅಪ್ಪ ಆಗಲೂ ಆನಿಕೆ ಕೊಟ್ಟಿರಲಿಕ್ಕಿಲ್ಲ. ಈ ನೆಲವನ್ನು ನಮ್ಮ ನೆಲವೆಂದುಕೊಂಡಿರಬೇಕು. ಅಷ್ಟು ತಪ್ಪನ್ನು ನಾನೂ ಮಾಡುತ್ತಿದ್ದೆ, ಅದಕ್ಕೆ ಅವನನ್ನು ಬೈಯಲಾರೆ. ಆದರೆ ತಮ್ಮನ ಮೇಲೆಯೇ ಕಲ್ಲು ತುಂಬಿ, ಮನೆಗೆ ಬಂದು ಸಮುದ್ರ ಒಯ್ಯಿತು ಎಂದನಲ್ಲ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಚಿಗವ್ವ. ಇಪ್ಪತ್ತೊಂಬತ್ತು ವರ್ಷ ಅವಳು ಬೇಯಿಸಿದ್ದನ್ನು ಉಂಡು, ಅವಳು ಬಳೆ ಇಡಿಸಿಕೊಳ್ಳುವುದನ್ನು ನೋಡಿದನಲ್ಲ.

ಎಲುಬುಗಳನ್ನು ಎತ್ತಿಲ್ಲ, ಮೇಲೆ ನನ್ನ ಧೋತರ ಹೊದಿಸಿದ್ದೇನೆ. ಆನಿಕೆಗಳು ಬಹಳ ದಿನ ತಾಳುವುದಿಲ್ಲ. ಏಪ್ರಿಲ್ ನಡುವಿನೊಳಗೆ ಬುಡ ತುಂಬಬೇಕು. ಹೇಳಿದರೆ ಚಿಗವ್ವನ ಬಳೆ ಹೋಗುತ್ತವೆ, ಅಪ್ಪನ ಮಾನ ಹೋಗುತ್ತದೆ. ಹೇಳದಿದ್ದರೆ ನಾನೂ ಅವನ ಮೇಲೆಯೇ ಕಟ್ಟಬೇಕು, ಎರಡನೆಯ ಸಲ. ನನಗೆ ತಿಳಿಯದಾಗಿದೆ. ನೀನು ಹೇಳಿದಂತೆ ಮಾಡುತ್ತೇನೆ.

ರಾಯಪ್ಪ


ಘೋಡಗೇರಿ
ತಾ. ೧೮-೩-೧೯೩೮

ನೀವು ನನ್ನನ್ನು ಕೇಳಿದಿರಿ. ನಿರ್ಧಾರ ನನ್ನ ಕೈಯಲ್ಲಿ ಉಳಿಯಲಿಲ್ಲ.

ಪತ್ರ ಬಂದಾಗ ಇಬ್ಬರೂ ಪಡಸಾಲೆಯಲ್ಲಿದ್ದರು. ಮಾವ ಉಣ್ಣೆ ನೂಲುತ್ತಿದ್ದರು. "ಓದು" ಎಂದರು ಚಿಗವ್ವ. ನಾನು ಕಣ್ಣಿನಿಂದ ಒಂದು ಓದಿ ಬಾಯಿಂದ ಒಂದು ಹೇಳಿದೆ. ಗೋಡೆಯ ಕೆಲಸ ಸುಸೂತ್ರವಾಯಿತು, ಹೆಂಚು ಹೊದಿಸಿದರು, ಮೂರು ಬಾಗಿಲು ಕೂರಿಸಿದರು, ಸಾವಕಾರರು ಖುಷಿಯಾಗಿದ್ದಾರೆ. ನೀವು ಯಾವಾಗಲೂ ಚೇಷ್ಟೆ ಮಾಡುವ ಆ ವಿದ್ಯೆ ಅವತ್ತು ಉಪಯೋಗಕ್ಕೆ ಬಂತು ಎಂದುಕೊಂಡೆ. ಮಾವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅವತ್ತು ಹೊಟ್ಟೆ ತುಂಬ ಉಂಡರು.

ಮರುದಿನ ಬೆಳಿಗ್ಗೆ ಚಿಗವ್ವ ಕಸ ಹೊಡೆದು ಬಂದು, ನೂಲುತ್ತಿದ್ದ ಮಾವನ ಎದುರೇ ಕುಳಿತು, ಮತ್ತೊಮ್ಮೆ ಓದು ಎಂದರು. ಓದಿದೆ. ಅವರು ನನ್ನನ್ನೇ ನೋಡುತ್ತ, "ನಿನ್ನಿ ಮೂರು ಬಾಗಲಾ ಅಂದಿ, ಇವತ್ತ ಎರಡು ಆದುವು. ಕಾಗದದ ಮ್ಯಾಲಿನ ಅಕ್ಷರ ಓಡ್ಯಾಡತಾವೇನು?" ಎಂದರು. ನಾನು ಅತ್ತುಬಿಟ್ಟೆ. ನನ್ನ ಬೆನ್ನ ಮೇಲೆ ಕೈ ಇಟ್ಟು, "ಬರದದ್ದಷ್ಟ ಓದವ್ವಾ" ಎಂದರು.

ಓದಿದೆ. ಒಂದು ಅಕ್ಷರ ಬಿಡದೆ ಓದಿದೆ. ತಂತಿಯ ಮೂರು ಸುತ್ತು ಬಂದಾಗ ಚಿಗವ್ವ ಕಣ್ಣು ಮುಚ್ಚಿದರು. ಅಣ್ಣಾ ಎಂದು ಕರೆದದ್ದು ಬಂದಾಗ ಮಾವನ ಕೈಯ ನೂಲು ತುಂಡಾಯಿತು.

ಚಿಗವ್ವ ಅಳಲಿಲ್ಲ. ಹಿತ್ತಲಿಗೆ ಹೋಗಿ ಒರಳಿನ ಅಂಚಿಗೆ ತಾವೇ ಬಳೆ ಕುಕ್ಕಿಕೊಂಡರು. ಒಳಗೆ ಬಂದು ಎಂದಿನ ಹಾಗೆ ರೊಟ್ಟಿ ಬಡಿದರು, ಮಾವನ ಮುಂದೆ ತಾಟು ಇಟ್ಟರು. ಇಟ್ಟು, "ಬಾವ, ಅಂವ ಕರದಾಗ ನೀವು ಏನ ಅಂದ್ರಿ?" ಎಂದು ಕೇಳಿದರು. ಮಾವ ರೊಟ್ಟಿ ಮುರಿಯಲಿಲ್ಲ. ಇವತ್ತಿಗೆ ಎರಡು ದಿನ. ಹೊತ್ತು ಹೊತ್ತಿಗೆ ತಾಟು ಇಡುತ್ತಾರೆ, ಅದನ್ನೇ ಕೇಳುತ್ತಾರೆ, ತಾಟು ಹಾಗೆಯೇ ಎತ್ತುತ್ತಾರೆ. ಈ ಮನೆಯಲ್ಲಿ ಯಾರೂ ದನಿ ಏರಿಸಿಲ್ಲ. ಏರಿಸಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಬುಡ ತುಂಬಬೇಡಿರಿ. ಮುಂದಿನ ಪತ್ರದವರೆಗೆ ಕಾಯಿರಿ.

ನಿಮ್ಮವಳು


ಘೋಡಗೇರಿ
ಯುಗಾದಿ ಪಾಡ್ಯ, ತಾ. ೧-೪-೧೯೩೮

ಇವತ್ತು ಬಳೆಗಾರ್ತಿ ಹನಮವ್ವ ಬಾಗಿಲಿಗೆ ಬಂದಳು. ಚಿಗವ್ವ ತಾವೇ ಎದ್ದು ಹೋಗಿ ಬರಿಗೈ ತೋರಿಸಿ ಕಳಿಸಿದರು. ಅವಳ ಹೆಜ್ಜೆ ಸಪ್ಪಳ ಓಣಿಯ ತಿರುವಿನವರೆಗೆ ಕೇಳಿದ ಮಾವ, ಕಾಗದ ತಾ ಎಂದರು. ಈ ಎರಡು ವಾರ ಅವರು ಗಂಜಿ ನೀರಿನ ಮೇಲೆ ಇದ್ದಾರೆ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

"ರಾಯಪ್ಪಾ, ನಾ ಆನಿಕಿ ಕೊಟ್ಟಿದ್ದಿಲ್ಲ. ತಮ್ಮ ಕೇಳಿದ್ದ, ಕೊಡೂಣೇನು ಅಂತ. ಅಂಜಬುರುಕ ಅಂದೆ. ಅವ ಇಳದ. ಬಿದ್ದ ಮ್ಯಾಲ ಎರಡ ಸಲ ಹತ್ತರ ಹೋದೆ, ಎರಡೂ ಸಲ ಗೋಡಿ ಅಲಗ್ಯಾಡ್ತು. ಅವ ಕರದ. ನಾ ಓ ಅನಲಿಲ್ಲ. ಓ ಅಂದ್ರ ಹೋಗಬೇಕಾಗತಿತ್ತು. ಮಾತ ನಿಂತ ಮ್ಯಾಲ ಹೋದೆ. ಮರುದಿನ ಕಲ್ಲ ತುಂಬಿದೆ. ಇಷ್ಟ."

ಇಷ್ಟು ಹೇಳಿ ಮಾವ ಏಳಲು ಹೋದರು. ಚಿಗವ್ವ, "ಕುಂದರ್ರಿ ಬಾವ. ಇಷ್ಟ ವರ್ಷ ನೀವು ಬರಸೂದು ನಾ ಕೇಳೇನಿ, ಇವತ್ತ ನಾ ಬರಸತೇನಿ, ನೀವು ಕೇಳ್ರಿ" ಎಂದರು. ಮುಂದಿನದು ಅವರದು.

"ಮಗನ, ಅವನ್ನ ಊರಿಗೆ ಕರಕೊಂಡ ಬಾ. ನಮ್ಮ ಹೊಲದಾಗ ಮಣ್ಣ ಕೊಡೂಣು. ನೀ ಬರೂದರಾಗ ನಿಮ್ಮಪ್ಪ ಉಳದಿದ್ರ ಅವರ ಕೈಲೆ ಮೊದಲನೇ ಹಿಡಿ ಮಣ್ಣ ಹಾಕಸ್ತೇನಿ. ಅದಕ್ಕಾದ್ರೂ ಉಣ್ಣಲಿ ಅಂತ ಇವತ್ತ ಮತ್ತ ತಾಟ ಇಡತೇನಿ, ಏನೂ ಕೇಳೂದಿಲ್ಲ.

ಆ ಬುಡಾ ಚಲೋತನಾಗಿ ಕಟ್ಟು. ಆ ಸಾವಕಾರನ ಮಗಾ ಏನೂ ಮಾಡಿಲ್ಲ, ಅವನ ಮ್ಯಾಲ ಬೀಳಬಾರದು. ಆ ಮುದುಕಿ ಕಾಲಿಗೆ ನನ್ನ ಹೆಸರ್ಲೆ ನಮಸ್ಕಾರ ಮಾಡು.

ಇನ್ನೊಂದ ಐತಿ. ಎಲುಬ ಎತ್ತೂಕಿಂತ ಮೊದಲ ಆಳುಗಳನ್ನ ದೂರ ಕಳಸು. ಒಬ್ಬಾವನ ಕುಂದರು. ಅವ ಬಿಸಲ ಇಳಿಯೂತನಕ ಕರದಾನ, ಯಾರೂ ಓ ಅಂದಿಲ್ಲ. ನೀ ಅವನ ರಗತ. ನಿಮ್ಮಪ್ಪ ನಿಂತಿದ್ದನಲ್ಲ, ಆ ತೆಂಗಿನ ಗಿಡದ ಹತ್ತರಿಂದ ಅವನ ಹತ್ತರ ನಡಕೋತ ಹೋಗು. ಹೋಗಿ ಓ ಅನ್ನು. ಅಂದ ಮ್ಯಾಲ ಎತ್ತು."

ಕೊನೆಗೆ ಹೆಸರು ಏನೆಂದು ಹಾಕಲಿ, ಲಕ್ಕವ್ವ ಎಂದರೆ ಸಾಕೇ ಎಂದು ಚಿಗವ್ವನನ್ನು ಕೇಳಿದೆ. ಈ ಮನೆಯಲ್ಲಿ ಅವರ ಬಾಯಿಂದ ನಾನು ಎಂದೂ ಕೇಳದ ಹೆಸರನ್ನು ನಿಧಾನವಾಗಿ ಹೇಳಿದರು. ಮಾವ ತಲೆ ತಗ್ಗಿಸಿದರು. ಹೇಳಿದ ಹಾಗೆಯೇ ಬರೆದಿದ್ದೇನೆ.

ಇಂತಿ,
ಭೀಮರಾಯನ ಹೆಂಡತಿ ಲಕ್ಕವ್ವ